ಹದಿಮೂರು ಚೌಕಗಳು: ಒಂದು ನಮೂನೆಯ ವಿಮರ್ಶೆ

ಈ ಪುಟದಲ್ಲಿ ಹೊಸ ಪುಸ್ತಕಗಳ ವಿಮರ್ಶೆ ಬರುವುದು ವಾಡಿಕೆ. ಈ ತಿಂಗಳು ಕಾದಂಬರಿಯಾಗಲಿ ಕವನಸಂಗ್ರಹವಾಗಲಿ ನಮ್ಮ ಕೈಸೇರಲಿಲ್ಲವೆಂದಲ್ಲ. ಅವುಗಳಿಗಿಂತ ಹೆಚ್ಚು ಎಚ್ಚರದಿಂದ ಓದಬೇಕಾದ ಒಂದು ಕೃತಿ ಕೈಗೆ ಬಂತು. ಪುಟಗಳು ನಾಲ್ಕು. ಬರೆದವರ ಹೆಸರಿಲ್ಲ. ನುಣುಪಾದ ದಪ್ಪ ಕಾಗದ, ಅಚ್ಚುಕಟ್ಟಾದ ಮುದ್ರಣ, ಬೆಲೆ ಏನೂ ಇಲ್ಲ. ನಮ್ಮ ಪುಣೆಯ ಒಂದು ಸೌಂದರ್ಯ ಚಿಕಿತ್ಸಾಲಯ ತನ್ನಲ್ಲಿಗೆ ಬಂದವರಿಗೆ ತುಂಬಲು ಕೊಡುವ ನಮೂನೆ ಅದು. ಮೈಯ ಯಾವ ಯಾವ ಭಾಗದಿಂದ ಬೊಜ್ಜನ್ನು ಹೀರಿ ತೆಗೆಯಬೇಕೆಂಬುದನ್ನು ಅದರಲ್ಲಿ ಗುರುತು ಹಾಕಿ ಕೊಡಬೇಕು. ಈ ಶಸ್ತ್ರಚಿಕಿತ್ಸೆಗೆ ಲೈಪೋಸಕ್ಷನ್ ಎಂದು ಹೆಸರು.

ಇಂಥದ್ದನ್ನೂ ವಿಮರ್ಶೆಗೆ ಎತ್ತಿಕೊಳ್ಳುವುದೇ ಎಂದು ವಾಚಕರು ಹುಬ್ಬೇರಿಸಬಾರದು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಇಪ್ಪತ್ತು ವರ್ಷಗಳಿಂದ ನಮೂನೆಗಳ ನಡುವೆಯೇ ಕಣ್ಣು ಸವೆಸಿದವರು ನಾವು. ನಮೂನೆಯೆಂದರೆ ಖಾಲಿ ಕಾಗದವಲ್ಲ. ಅದು ತನಗೆ ಬೇಕಾದುದನ್ನು ಮಾತ್ರ ಕೇಳುತ್ತದೆ. ಯಾವುದಕ್ಕೆ ಕಲಮು ಇಲ್ಲವೋ ಅದು ಲೋಕದಲ್ಲೇ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. ಹೇಳಬೇಕಾದ ಸಂಗತಿಗೆ ಕಾಗದದಲ್ಲಿ ಜಾಗವಿಲ್ಲದೆ ಮೇಜಿನ ಮುಂದೆ ನಿಂತು ತಡವರಿಸುವವರನ್ನು ನಾವು ದಿನವೂ ನೋಡುತ್ತೇವೆ. ಆದ್ದರಿಂದ ಈ ಕೃತಿಯ ಮಟ್ಟಿಗೆ ನಮಗೆ ಒಂದಿಷ್ಟು ಅಧಿಕಾರವಿದೆ ಎಂದುಕೊಂಡಿದ್ದೇವೆ.

ಅದು ನಮ್ಮ ಕೈಗೆ ಬಂದದ್ದು ಅಣ್ಣನ ಮಗಳ ಮೂಲಕ. ಇಪ್ಪತ್ತಾರು ವರ್ಷದ ಹುಡುಗಿ. ಪುಣೆಯಲ್ಲೇ ಹುಟ್ಟಿ ಬೆಳೆದು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮದುವೆ ನಿಶ್ಚಯವಾಗಿದೆ, ನಡುವೆ ಮೂರು ತಿಂಗಳಿವೆ. ಒಂದು ಭಾನುವಾರ ಬೆಳಿಗ್ಗೆ ಚಹಾದ ಹೊತ್ತಿಗೆ ಬಂದವಳು ಕಾಗದವನ್ನು ನಮ್ಮ ಮುಂದಿಟ್ಟು, "ಕಾಕಾ, ನೀವು ಬಿ.ಎಸ್ಸಿ. ಓದೀರಿ. ಇಷ್ಟು ಗುರುತು ಹಾಕೇನಿ. ಇನ್ನೂ ಯಾವುದಕ್ಕರ ಹಾಕಬೇಕೇನು, ನೋಡಿ ಹೇಳ್ರಿ" ಎಂದಳು. ಬಿ.ಎಸ್ಸಿ. ಮುಗಿದು ಕಾಲು ಶತಮಾನವಾಯಿತು. ಆದರೂ ಮನೆಯ ಮಕ್ಕಳು ಕೇಳಿದಾಗ ಅದು ನಿನ್ನೆ ಮುಗಿದಂತೆ ತೋರುತ್ತದೆ. ನೋಡಿ ಹೇಳುತ್ತೇವೆಂದು ಇಟ್ಟುಕೊಂಡೆವು.

ಮೊದಲು ಕೃತಿಯ ಪರಿಚಯ. ಎರಡನೆಯ ಪುಟದಲ್ಲಿ ಹೆಣ್ಣಿನ ರೇಖಾಚಿತ್ರಗಳೆರಡು. ಒಂದು ಮುಂದಿನಿಂದ, ಇನ್ನೊಂದು ಹಿಂದಿನಿಂದ. ಮುಖಕ್ಕೆ ಕಣ್ಣು, ಮೂಗು, ಬಾಯಿ ಇಲ್ಲ. ಮೈಯಿಂದ ಹೊರಟ ಗೆರೆಗಳ ತುದಿಗೆ ಹದಿಮೂರು ಚೌಕಗಳು: ಗದ್ದದ ಕೆಳಗು, ಮೇಲ್ತೋಳು, ಎದೆಯ ಪಕ್ಕ, ಬೆನ್ನು, ಮೇಲ್ಹೊಟ್ಟೆ, ಕಿಬ್ಬೊಟ್ಟೆ, ಸೊಂಟದ ಎರಡು ಪಕ್ಕ, ಪೃಷ್ಠ, ಹೊರತೊಡೆ, ಒಳತೊಡೆ, ಮೊಣಕಾಲಿನ ಒಳಬದಿ, ಮೀನಖಂಡ, ಕಾಲಿನ ಗಿಣ್ಣು. ಮೇಲೆ ದಪ್ಪ ಅಕ್ಷರದಲ್ಲಿ 'ನಿಮ್ಮ ಸಮಸ್ಯೆಯ ಭಾಗಗಳನ್ನು ಆರಿಸಿ' ಎಂಬರ್ಥದ ಇಂಗ್ಲಿಷ್ ವಾಕ್ಯ. ಕೊನೆಯ ಪುಟದಲ್ಲಿ ಎರಡು ಭಾಗ ಮಾಡಿಸಿಕೊಂಡರೆ ಮೂರನೆಯದಕ್ಕೆ ರಿಯಾಯಿತಿ, ಹಣವನ್ನು ತಿಂಗಳ ಕಂತಿನಲ್ಲಿ ಕಟ್ಟಬಹುದು ಎಂಬ ಭರವಸೆ.

ವಿಮರ್ಶಕನಾದವನು ಮೊದಲು ಗುಣವನ್ನು ಹೇಳಬೇಕು. ಈ ಚಿಕಿತ್ಸೆ ಕಣ್ಕಟ್ಟಲ್ಲ, ನಿಜವಾದ ವೈದ್ಯವಿದ್ಯೆ. 1921ರಲ್ಲಿ ಫ್ರಾನ್ಸಿನ ಡುಜಾರಿಯೆ ಎಂಬ ಶಸ್ತ್ರವೈದ್ಯ ಒಬ್ಬ ನರ್ತಕಿಯ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋಗಿ, ಕಾಲು ಕೊಳೆತು, ಕೊನೆಗೆ ಅದನ್ನು ಕತ್ತರಿಸಬೇಕಾಯಿತು. ಆಮೇಲೆ ಅರ್ಧ ಶತಮಾನ ಆ ದಾರಿಯಲ್ಲಿ ಹೋಗಲು ವೈದ್ಯರು ಹೆದರಿದರು. 1970ರ ದಶಕದಲ್ಲಿ ಇಟಲಿಯ ಫಿಶರ್ ತಂದೆ-ಮಕ್ಕಳು, ಬಳಿಕ ಪ್ಯಾರಿಸ್ಸಿನ ಇಲೂಜ್, ಸಣ್ಣ ರಂಧ್ರದ ಮೂಲಕ ಮೊಂಡು ತುದಿಯ ಕೊಳವೆಯನ್ನು ತೂರಿಸಿ ಕೊಬ್ಬನ್ನು ಹೀರುವ ಕ್ರಮವನ್ನು ರೂಪಿಸಿದರು. 1980ರ ದಶಕದಲ್ಲಿ ಅಮೆರಿಕದ ಜೆಫ್ರಿ ಕ್ಲೈನ್ ಎಂಬ ಚರ್ಮವೈದ್ಯರು ಉಪ್ಪುನೀರಿನಲ್ಲಿ ಮರಗಟ್ಟಿಸುವ ಲಿಡೋಕೇನನ್ನೂ ರಕ್ತನಾಳಗಳನ್ನು ಸಂಕುಚಿಸುವ ಅಡ್ರಿನಲಿನ್ನನ್ನೂ ಬೆರೆಸಿ, ಮೊದಲು ಆ ಜಾಗವನ್ನು ಉಬ್ಬಿಸಿ ನಂತರ ಹೀರುವುದನ್ನು ತೋರಿಸಿಕೊಟ್ಟರು. ಅದರಿಂದ ರಕ್ತ ಹೋಗುವುದು ಬಹಳ ಕಡಿಮೆಯಾಯಿತು. ಕೊಬ್ಬಿನ ಗಡ್ಡೆಗಳಿಗೆ, ಗಂಡಸರ ಎದೆ ಬೆಳೆಯುವ ತೊಂದರೆಗೆ, ಕಾಲುಗಳಲ್ಲಿ ನೋವಿನೊಡನೆ ಕೊಬ್ಬು ತುಂಬಿಕೊಳ್ಳುವ ಲಿಪೆಡಿಮಾ ಎಂಬ ಕಾಯಿಲೆಗೆ ಇದು ಉಪಕಾರಿ. ತೂಕ ಸರಿಯಾಗಿದ್ದೂ ಎಷ್ಟು ನಡೆದರೂ ಕರಗದ ಒಂದು ಉಬ್ಬು ಮೈಯಲ್ಲಿ ಉಳಿದಿರುವವರಿಗೂ ಇದರಿಂದ ಆಕಾರ ತಿದ್ದಿಕೊಳ್ಳಲು ಸಾಧ್ಯ. ಚೆಂದ ಕಾಣಬೇಕೆಂಬ ಆಸೆಯನ್ನು ನಾವು ಪಾಪವೆಂದು ಬಗೆಯುವುದಿಲ್ಲ. ಕೂದಲಿಗೆ ಬಣ್ಣ ಹಚ್ಚಿಕೊಂಡು ಕಚೇರಿಗೆ ಹೋಗುವ ನಮಗೆ ಆ ಹಕ್ಕೂ ಇಲ್ಲ.

ಇನ್ನು ದೋಷಗಳು. ಮೊದಲನೆಯದು, ಪ್ರಶ್ನೆಯೇ ತಪ್ಪು. 'ಯಾವ ಭಾಗ' ಎಂದು ಕೇಳುವ ಮೊದಲು 'ಯಾವ ಕೊಬ್ಬು' ಎಂದು ಕೇಳಬೇಕಿತ್ತು. ನಮ್ಮ ಹೊಟ್ಟೆಯಲ್ಲಿ ಕೊಬ್ಬು ಎರಡು ಕಡೆ ಕೂಡುತ್ತದೆ: ಚರ್ಮದ ಕೆಳಗೆ ಒಂದು, ಸ್ನಾಯುವಿನ ಗೋಡೆಯ ಒಳಗೆ ಕರುಳುಗಳ ಸುತ್ತ ಇನ್ನೊಂದು. ಕೊಳವೆ ತಲುಪುವುದು ಮೊದಲನೆಯದನ್ನು ಮಾತ್ರ. ನೆಟ್ಟಗೆ ನಿಂತು ಹೊಟ್ಟೆಯನ್ನು ಬೆರಳುಗಳಿಂದ ಚಿವುಟಿ ಹಿಡಿದರೆ ಕೈಗೆ ಬರುವುದು ಅದೇ. ಚಿವುಟಲು ಅಷ್ಟಾಗಿ ಏನೂ ಸಿಗದೆ, ತಬಲದಂತೆ ಬಿಗಿಯಾಗಿ ಮುಂದೆ ಬಂದ ಹೊಟ್ಟೆಯಾದರೆ ಕೊಬ್ಬು ಹೆಚ್ಚಾಗಿ ಒಳಗಿನದು. ಅದನ್ನು ಹೀರಲು ಬರುವುದಿಲ್ಲ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಎರಡನೆಯ ಜಾತಿಯ ಹೊಟ್ಟೆಗಳೇ ಬಹುಮತದಲ್ಲಿವೆ, ನಮ್ಮದೂ ಅದರಲ್ಲೊಂದು. ಈ ನಮೂನೆಯಲ್ಲಿ ಎರಡಕ್ಕೂ ಒಂದೇ ಚೌಕ.

ಇದಕ್ಕೆ ನಮ್ಮ ಊರಿನದೇ ಉದಾಹರಣೆಯಿದೆ. 2004ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕರೂ ಲಂಡನ್ನಿನ ಡಾ. ಯುಡ್ಕಿನ್ನರೂ ಪಕ್ಕಪಕ್ಕದಲ್ಲಿ ನಿಂತ ತಮ್ಮದೇ ಚಿತ್ರವನ್ನು ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕವನ್ನು ತಾಳೆ ನೋಡುವ ಸೂಚ್ಯಂಕ ಇಬ್ಬರಿಗೂ 22.3. ಆದರೆ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ನರಿಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಎಷ್ಟು ಕೊಬ್ಬು ಅಡಗಿರಬಹುದು ಎಂಬುದಕ್ಕೆ ಇಬ್ಬರೂ ತಮ್ಮ ಮೈಯನ್ನೇ ಸಾಕ್ಷಿಯಾಗಿ ಕೊಟ್ಟರು. ಕನ್ನಡಿಯಲ್ಲಿ ಕಾಣದ ಈ ಕೊಬ್ಬಿಗೂ ಸಕ್ಕರೆ ಕಾಯಿಲೆಗೂ ನಂಟು. ನಮ್ಮ ಜನರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದೆಂದು ವೈದ್ಯರು ಹೇಳುವುದು ಅದಕ್ಕಾಗಿಯೇ.

ಹಾಗಾದರೆ ಕೈಗೆ ಸಿಗುವ ಕೊಬ್ಬನ್ನಾದರೂ ತೆಗೆಸಿದರೆ ಆರೋಗ್ಯ ಸುಧಾರಿಸೀತೇ? ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 15 ಮಂದಿ ಸ್ಥೂಲಕಾಯದ ಮಹಿಳೆಯರ ಹೊಟ್ಟೆಯಿಂದ ಸರಾಸರಿ 9–10 ಕಿಲೋ ಕೊಬ್ಬು ತೆಗೆದು, ಎರಡೂವರೆ ತಿಂಗಳ ನಂತರ ಪರೀಕ್ಷಿಸಿದರು. ಅವರಲ್ಲಿ ಏಳು ಮಂದಿಗೆ ಸಕ್ಕರೆ ಕಾಯಿಲೆಯಿತ್ತು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ರಕ್ತದೊತ್ತಡ, ಕೊಲೆಸ್ಟರಾಲ್, ದೇಹವು ಇನ್ಸುಲಿನ್ನಿಗೆ ಸ್ಪಂದಿಸುವ ರೀತಿ, ಯಾವುದರಲ್ಲೂ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಅಷ್ಟೇ ಕೊಬ್ಬು ಊಟ ನಡಿಗೆಗಳಿಂದ ಕರಗಿದ್ದರೆ ಇವೆಲ್ಲ ಸುಧಾರಿಸುತ್ತಿದ್ದವು. ಇದು ಆಕಾರದ ಚಿಕಿತ್ಸೆ, ಆರೋಗ್ಯದ್ದಲ್ಲ ಎಂಬ ಒಂದು ವಾಕ್ಯ ಈ ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ.

ಎರಡನೆಯ ದೋಷ, ದೇಹವನ್ನು ಹದಿಮೂರು ಬೇರೆ ಬೇರೆ ಕಡತಗಳಾಗಿ ಕಾಣುವುದು. ಒಂದು ಕಡತ ಮುಚ್ಚಿದರೆ ಇನ್ನೊಂದಕ್ಕೆ ಸಂಬಂಧವಿಲ್ಲವೆಂಬ ಭಾವನೆ. ದೇಹದಲ್ಲಿ ಹಾಗಿಲ್ಲ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದವರು ಸ್ಥೂಲಕಾಯವಿಲ್ಲದ ಹೆಂಗಸರಲ್ಲಿ ತೊಡೆ, ಕಿಬ್ಬೊಟ್ಟೆಗಳ ಕೊಬ್ಬು ತೆಗೆದು ಒಂದು ವರ್ಷ ಗಮನಿಸಿದರು. 2011ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ವರ್ಷ ತುಂಬುವುದರೊಳಗೆ ಒಟ್ಟು ಕೊಬ್ಬು ಮೊದಲಿನಷ್ಟೇ ಆಗಿತ್ತು. ತೊಡೆಗೆ ಮರಳಿರಲಿಲ್ಲ, ಹೊಟ್ಟೆಗೆ ಹೋಗಿ ಸೇರಿತ್ತು. ಒಂದು ಕೋಣೆಯಿಂದ ಎಬ್ಬಿಸಿದ ಬಾಡಿಗೆದಾರ ಅದೇ ಮನೆಯ ಇನ್ನೊಂದು ಕೋಣೆ ಹಿಡಿದಂತೆ.

ಭಾಗಗಳೆಲ್ಲ ಸಮಾನವೂ ಅಲ್ಲ. ಕೊಬ್ಬು ಹೋದ ಮೇಲೆ ಚರ್ಮ ತಾನಾಗಿ ಬಿಗಿದುಕೊಳ್ಳಬೇಕು. ಸೊಂಟದ ಪಕ್ಕದಲ್ಲೂ ಹೊರತೊಡೆಯಲ್ಲೂ ಚರ್ಮ ದಪ್ಪ, ಸಾಮಾನ್ಯವಾಗಿ ಚೆನ್ನಾಗಿ ಕೂಡಿಕೊಳ್ಳುತ್ತದೆ. ಮೇಲ್ತೋಳಿನ ಒಳಬದಿಯಲ್ಲೂ ಒಳತೊಡೆಯಲ್ಲೂ ತೆಳು, ಜೋಲುವ ಸಂಭವ ಹೆಚ್ಚು. ಹೆರಿಗೆಯಿಂದ ಚರ್ಮ ಸಡಿಲವಾದ ಹೊಟ್ಟೆಯಿಂದ ಬರೀ ಕೊಬ್ಬು ತೆಗೆದರೆ ಉಳಿಯುವುದು ಖಾಲಿ ಚೀಲ. ಮೀನಖಂಡ, ಗಿಣ್ಣುಗಳಲ್ಲಿ ಬಾವು ಇಳಿಯಲು ಬಹುಕಾಲ ಬೇಕು. ಪೃಷ್ಠದ ಕೆಳಗಿನ ಮಡಿಕೆ, ತೊಡೆಯ ಹಿಂಬದಿಯ ಕೆಳಭಾಗ, ಒಳತೊಡೆಯ ನಡು ಮುಂತಾದ ಕೆಲವು ಕಡೆ ಚರ್ಮ ಕೆಳಗಿನ ಪದರಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿ ಕೊಳವೆ ಆಡಿಸಿದರೆ ತಗ್ಗು ದಿಣ್ಣೆ ಬೀಳುತ್ತದೆಂದು ಬಲ್ಲ ವೈದ್ಯರು ಅವನ್ನು ಮುಟ್ಟದೆ ಬಿಡುತ್ತಾರೆ. ಮುಟ್ಟಬಾರದ ಜಾಗಗಳ ಗುರುತೇ ಇಲ್ಲದ ನಕ್ಷೆಯನ್ನು ಒಳ್ಳೆಯ ನಕ್ಷೆ ಎನ್ನುವುದು ಹೇಗೆ?

ಮೂರನೆಯದು ಹೆಚ್ಚು ಗಂಭೀರವಾದದ್ದು. ಎರಡು ಭಾಗಕ್ಕೆ ಮೂರನೆಯದು ರಿಯಾಯಿತಿ ಎಂಬುದು ಸೀರೆಯಂಗಡಿಯ ಲೆಕ್ಕ. ಇಲ್ಲಿ ಭಾಗಗಳು ಹೆಚ್ಚಿದಂತೆ ಮರಗಟ್ಟಿಸುವ ಔಷಧದ ಪ್ರಮಾಣ, ಮೇಜಿನ ಮೇಲೆ ಮಲಗಿರುವ ಹೊತ್ತು, ದೇಹದ ದ್ರವದ ಏರುಪೇರು ಎಲ್ಲವೂ ಹೆಚ್ಚುತ್ತವೆ. ಒಂದು ಸಲಕ್ಕೆ ಹೀರಿದ್ದು ಐದು ಲೀಟರು ದಾಟಿದರೆ ಅದು ದೊಡ್ಡ ಪ್ರಮಾಣದ್ದು, ರಾತ್ರಿ ಆಸ್ಪತ್ರೆಯಲ್ಲೇ ಇರಿಸಿ ನೋಡಿಕೊಳ್ಳಬೇಕಾದದ್ದು ಎಂದು ವೈದ್ಯರ ಲೆಕ್ಕ. ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯರಲ್ಲಿ 1994ರಿಂದ 1998ರವರೆಗಿನ ಪ್ರಕರಣಗಳನ್ನು ವಿಚಾರಿಸಿ 2000ದಲ್ಲಿ ಪ್ರಕಟಿಸಿದ ಲೆಕ್ಕದಂತೆ ಸುಮಾರು 5,000ಕ್ಕೆ ಒಂದು ಸಾವು. ಕಾರಣಗಳಲ್ಲಿ ಮೊದಲ ಸ್ಥಾನದಲ್ಲಿದ್ದದ್ದು, ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡದ್ದು. ಮರುವರ್ಷ ಬಂದ ಇನ್ನೊಂದು ಲೆಕ್ಕದಲ್ಲಿ ಇದೊಂದನ್ನೇ ಮಾಡಿಸಿಕೊಂಡವರಲ್ಲಿ ಸುಮಾರು 47,000ಕ್ಕೆ ಒಂದು. ಹೊಟ್ಟೆಯ ಚರ್ಮ ಕತ್ತರಿಸಿ ಹೊಲಿಯುವುದನ್ನೂ ಜೊತೆಗೆ ಮಾಡಿಸಿಕೊಂಡವರಲ್ಲಿ ಸುಮಾರು 3,300ಕ್ಕೆ ಒಂದು. ಒಟ್ಟೊಟ್ಟಿಗೆ ಮಾಡಿಸುವುದರಲ್ಲಿ ಹಣ ಉಳಿಯಬಹುದು, ಅಪಾಯ ಉಳಿಯುವುದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಹೋಗಿ ಅಂದೇ ತೀರಿಕೊಂಡ ಸುದ್ದಿ ವಾಚಕರಿಗೆ ನೆನಪಿರಬಹುದು. ಆ ಸುದ್ದಿಯನ್ನು ಓದಿ ನಾವು ಅಯ್ಯೋ ಪಾಪ ಎಂದು ಪುಟ ತಿರುವಿದ್ದೆವು.

ಇಷ್ಟನ್ನು ಒಂದು ಹಾಳೆಯಲ್ಲಿ ಕಚೇರಿಯ ಟಿಪ್ಪಣಿಯಂತೆ ಅಂಕೆ ಹಾಕಿ ಬರೆದಿಟ್ಟುಕೊಂಡು ಮುಂದಿನ ಭಾನುವಾರ ಹುಡುಗಿಯನ್ನು ಕರೆಸಿದೆವು. ಆಗಲೇ ನಮ್ಮ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಅವಳು ಗುರುತು ಹಾಕಿದ್ದ ಚೌಕಗಳು ಐದು: ಗದ್ದ, ಮೇಲ್ತೋಳು, ಕಿಬ್ಬೊಟ್ಟೆ, ಒಳತೊಡೆ, ಹೊರತೊಡೆ. ಆದರೆ ಶಾಯಿ ಒಂದೇ ಅಲ್ಲ. ಎರಡು ನೀಲಿ, ಎರಡು ಕಪ್ಪು, ಒಂದು ಪೆನ್ಸಿಲ್. ಒಂದೇ ಅರ್ಜಿಯಲ್ಲಿ ಮೂರು ಶಾಯಿ ಕಂಡರೆ ಎಂಥ ಗುಮಾಸ್ತನೂ ವಿಚಾರಿಸದೆ ಬಿಡಲಾರ. ಇವೆಲ್ಲ ಯಾರು ಹಾಕಿದ್ದೆಂದು ಕೇಳಿದೆವು.

"ಎಲ್ಲಾ ನಾನಽ ಹಾಕೇನಿ ಕಾಕಾ. ಆದರ ಒಂದಽ ದಿನ ಹಾಕಿಲ್ಲ" ಎಂದಳು. ಆಮೇಲೆ ಸ್ವಲ್ಪ ತಡೆದು ಒಂದೊಂದಾಗಿ ಹೇಳಿದಳು. "ಹೊರತೊಡೀದು ನಂದು. ಕಾಲೇಜಿನಾಗಿಂದ ಅದು ನನಗ ಸೇರೂದಿಲ್ಲ. ಹೊಟ್ಟೀದು ಅವ್ವಂದು. ಒಳತೊಡೀದು ಆ ದವಾಖಾನಿಯಾಕಿ ಹೇಳಿದ್ದು, ಹೊರಗಿಂದು ಮಾಡಿಸಿದರ ಒಳಗಿಂದೂ ಮಾಡಿಸ್ಬೇಕಂತ. ತೋಳಿಂದು, ಕುಬಸಾ ಹೊಲಿಸೂ ಮುಂದ ಅವರ ಅತ್ತಿ ಒಂದು ಮಾತು ಅಂದ್ರಲ್ಲ, ಅವತ್ತಿಂದು."

ಪೆನ್ಸಿಲಿನಲ್ಲಿದ್ದ ಗದ್ದ ಉಳಿಯಿತು. ಅದು ಯಾರದೆಂದು ಕೇಳಿದೆವು.

"ಅದು ನಿಮ್ಮದು ಕಾಕಾ."

ನಮಗೆ ತಿಳಿಯಲಿಲ್ಲ. ಅವಳೇ ನೆನಪಿಸಿದಳು. ಏಳನೆಯ ಇಯತ್ತೆಯಲ್ಲಿದ್ದಾಗ ಸಂಘದ ಗಣೇಶೋತ್ಸವದ ನಾಟಕದಲ್ಲಿ ಅವಳಿಗೆ ಗೌರಿಯ ಪಾತ್ರ. ಆ ಸಂಜೆ ನಿರೂಪಣೆಗೆ ನಿಂತಿದ್ದವರು ನಾವು. ಅವಳು ರಂಗಕ್ಕೆ ಬರುತ್ತಿದ್ದಂತೆ ಧ್ವನಿವರ್ಧಕದಲ್ಲಿ 'ಇಗೋ ಬಂದಳು, ಡಬಲ್ ಗದ್ದದ ಗೌರಿ' ಎಂದಿದ್ದೆವಂತೆ. ಸಭೆ ನಕ್ಕಿತ್ತು. ನಮಗೆ ಅದು ಸಂಪೂರ್ಣ ಮರೆತುಹೋಗಿತ್ತು. ಅವಳಿಗೆ ಹದಿನಾಲ್ಕು ವರ್ಷಗಳಿಂದ ಮರೆತಿಲ್ಲ. ಆಮೇಲೆ ಅವಳು ಸಂಘದ ಯಾವ ನಾಟಕದಲ್ಲೂ ಪಾತ್ರ ಮಾಡಿರಲಿಲ್ಲ. ಓದಿನ ಒತ್ತಡವೆಂದು ನಾವು ತಿಳಿದಿದ್ದೆವು.

ಹೆಸರಿಲ್ಲದ ಕೃತಿಯೆಂದು ಮೇಲೆ ಬರೆದಿದ್ದೇವೆ. ಅದನ್ನು ತಿದ್ದಬೇಕು. ಚಿಕಿತ್ಸಾಲಯ ಅಚ್ಚು ಹಾಕಿಸಿದ್ದು ಖಾಲಿ ಚೌಕಗಳನ್ನು ಮಾತ್ರ. ತುಂಬಿದವರಲ್ಲಿ ತಾಯಿ, ಬರಲಿರುವ ಅತ್ತೆ, ಇಪ್ಪತ್ತು ವರ್ಷದ ಅನುಭವವುಳ್ಳ ಈ ಗುಮಾಸ್ತ ಎಲ್ಲರೂ ಇದ್ದೇವೆ. ಊರಿನಿಂದ ದೂರ ಬಂದು ನೆಲೆಸಿದ ನಮಗೆ ಸಂಘದ ಅರಿಶಿನ-ಕುಂಕುಮ, ಯುಗಾದಿ, ರಾಜ್ಯೋತ್ಸವಗಳಲ್ಲಿ ವರ್ಷಕ್ಕೆ ನಾಲ್ಕಾರು ಸಲ ಮುಖ ನೋಡುವ ಭಾಗ್ಯ. ನೋಡಿದ ಕೂಡಲೇ ಆಡುವ ಮೊದಲ ಮಾತು 'ಯಾಕ, ಇಷ್ಟು ದಪ್ಪ ಆಗಿ?' ಎಂಬುದು, ಇಲ್ಲವಾದರೆ 'ಯಾಕ, ಇಷ್ಟು ಸೊರಗಿ?' ಎಂಬುದು. ಪ್ರೀತಿಯಿಂದಲೇ ಆಡುತ್ತೇವೆ. ಕೇಳಿದವರು ಮನೆಗೆ ಹೋಗಿ ಅದನ್ನು ಯಾವ ಶಾಯಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆಂದು ಯೋಚಿಸುವುದಿಲ್ಲ.

ದೋಷ ಹೇಳಿದವನು ತಿದ್ದುವ ದಾರಿಯನ್ನೂ ಸೂಚಿಸಬೇಕೆಂಬುದು ವಿಮರ್ಶೆಯ ಮರ್ಯಾದೆ. ಈ ನಮೂನೆಯನ್ನು ಹೊಸದಾಗಿ ಬರೆಯುವ ಕೆಲಸ ನಮ್ಮ ಮೇಜಿಗೆ ಬಂದರೆ ಚೌಕಗಳ ಮೊದಲು ಆರು ಕಲಮುಗಳನ್ನು ಸೇರಿಸುತ್ತೇವೆ. ಒಂದು: ತೂಕ ಆರು ತಿಂಗಳಿಂದ ಒಂದೇ ಮಟ್ಟದಲ್ಲಿದೆಯೇ? ಎರಡು: ನಿಂತು ಚಿವುಟಿದಾಗ ಕೈಗೆ ಬರುವುದೆಷ್ಟು, ಚರ್ಮದ ಬಿಗಿ ಹೇಗಿದೆ? (ಇದನ್ನು ವೈದ್ಯರೇ ಪರೀಕ್ಷಿಸಿ ತುಂಬಬೇಕು.) ಮೂರು: ಸಕ್ಕರೆ ಕಾಯಿಲೆ, ರಕ್ತ ಹೆಪ್ಪುಗಟ್ಟುವ ತೊಂದರೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ನಾಲ್ಕು: ಶಸ್ತ್ರಚಿಕಿತ್ಸೆ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಅದಕ್ಕೆ ಸಮನಾದ ಪದವಿ ಪಡೆದವರೇ. ಅರಿವಳಿಕೆಯ ವೈದ್ಯರೂ ತುರ್ತುಚಿಕಿತ್ಸೆಯ ಏರ್ಪಾಡೂ ಇವೆಯೇ? ಐದು: ಈ ಗುರುತನ್ನು ಹಾಕಲು ಹೇಳಿದವರು ಯಾರು? ಆರು: 'ಯಾವುದೂ ಬೇಡ' ಎಂಬ ಹದಿನಾಲ್ಕನೆಯ ಚೌಕ. ನಮ್ಮ ಕಚೇರಿಯಲ್ಲಾದರೆ ಆ ಕೊನೆಯದಿಲ್ಲದ ನಮೂನೆಯನ್ನು ಅಪೂರ್ಣವೆಂದು ಹಿಂದಕ್ಕೆ ಕಳಿಸುತ್ತೇವೆ.

ಮುಂದೇನಾಯಿತೆಂದು ಕೇಳುವ ವಾಚಕರಿಗಾಗಿ ನಾಲ್ಕು ಮಾತು. ಹುಡುಗಿ ಒಂದು ದೊಡ್ಡ ಆಸ್ಪತ್ರೆಯ ಪ್ಲಾಸ್ಟಿಕ್ ಶಸ್ತ್ರವೈದ್ಯರನ್ನು ಕಂಡಳು. ಜೊತೆಗೆ ಹೋದದ್ದು ಅವಳ ಕಾಕೂ. ನಾವು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆವು. ವೈದ್ಯರು ನಿಲ್ಲಿಸಿ, ಚಿವುಟಿ, ಅಳೆದು ನೋಡಿದರು. ಗದ್ದದಲ್ಲಿ ತೆಗೆಯುವಂಥ ಕೊಬ್ಬೇ ಇಲ್ಲ, ಅದು ಮನೆತನದ ದವಡೆಯ ಆಕಾರ ಎಂದರು. ನಮಗೂ ಅದೇ ದವಡೆ. ತೋಳು, ಒಳತೊಡೆಗಳ ಚರ್ಮ ಜೋಲುತ್ತದೆ, ಬೇಡ ಎಂದರು. ಹೊಟ್ಟೆಗೆ ನಡಿಗೆ, ಊಟದ ಹಿಡಿತ ಸಾಕು. ಹೊರತೊಡೆ ಮಾಡಬಹುದು, ಆದರೆ ವಾರಗಟ್ಟಲೆ ಬಿಗಿಯುಡುಪು ಧರಿಸಬೇಕು, ಬಾವು ಪೂರಾ ಇಳಿದು ಆಕಾರ ನಿಲ್ಲಲು ಮೂರರಿಂದ ಆರು ತಿಂಗಳು ಬೇಕು, ಮದುವೆಯ ಮುಂದೆ ಅವಸರ ಮಾಡಬಾರದು ಎಂದರು. ಖರ್ಚಿನ ಮಾತೂ ಬಂತು. ಕೇವಲ ಚೆಂದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ನಮ್ಮ ಸರ್ಕಾರಿ ಯೋಜನೆಯಲ್ಲೂ ಮರುಪಾವತಿ ಇಲ್ಲ. ಅಂಥ ಬಿಲ್ಲುಗಳನ್ನು ಹಿಂತಿರುಗಿಸಿ ನಮಗೆ ಅಭ್ಯಾಸವಿದೆ.

ಮನೆಗೆ ಬಂದು ಅವಳು ನಾಲ್ಕು ಗುರುತುಗಳನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದಳು. ಐದನೆಯದನ್ನು ಹಾಗೇ ಬಿಟ್ಟಳು. ಮದುವೆಯಾದ ಮೇಲೆ ವರ್ಷ ಬಿಟ್ಟು ಯೋಚಿಸುತ್ತಾಳಂತೆ, ಬೇಕೆನಿಸಿದರೆ ಮಾಡಿಸಿಕೊಳ್ಳುತ್ತಾಳಂತೆ. ಆ ವಿಷಯದಲ್ಲಿ ನಾವು ಅಭಿಪ್ರಾಯ ಕೊಡಲಿಲ್ಲ, ಅವಳೂ ಕೇಳಲಿಲ್ಲ.

ಇದನ್ನು ಪತ್ರಿಕೆಗೆ ಬರೆಯಬಹುದೇ ಎಂದು ಅವಳ ಅಪ್ಪಣೆ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ. ಆದರ ಗದ್ದದ್ದು ಬಿಡಲಾರದ ಬರೀರಿ" ಎಂದಳು. ಬರೆದಿದ್ದೇವೆ.